ಹಕ್ಕಿಯ ಕಾಲಿಗೊಂದು ಉಂಗುರ

ಮುಂಗಾರು ಹಿಂದೆಗೆದು ಆಶ್ವಯುಜ ಮಾಸವು ಕಾಲಿಡುವ ವೇಳೆಗೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಗೆ ಕೆಲವು ಅತಿಥಿಗಳು ಬಂದಿಳಿಯುತ್ತವೆ. ತೋಟದ ಕಾಲುವೆಯ ಅಂಚಿನಲ್ಲಿ ಬಾಲವನ್ನು ಮೇಲಕ್ಕೂ ಕೆಳಕ್ಕೂ ಕುಣಿಸುತ್ತ ಹುಳು ಹೆಕ್ಕುವ ಬೂದು ಸಿಪಿಲೆ, ವಿದ್ಯುತ್ತಿನ ತಂತಿಯ ಮೇಲೆ ಸಾಲುಗಟ್ಟಿ ಕೂರುವ ಅಂಬರಗುಬ್ಬಿ, ಕೆರೆಯಂಗಳದ ಕೆಸರಿನಲ್ಲಿ ಕೊಕ್ಕು ಚುಚ್ಚುತ್ತ ನಡೆಯುವ ಉಲ್ಲಂಕಿ, ನಡುನೀರಿನಲ್ಲಿ ತೇಲುವ ಸೂಜಿಬಾಲದ ಬಾತು ಮೊದಲಾದುವು ಬೇಸಿಗೆಯಲ್ಲಿ ಇಲ್ಲಿ ಕಾಣುವಂಥವಲ್ಲ. ಯುಗಾದಿ ಕಳೆದು ಬಿಸಿಲು ಬಲಿತ ಮೇಲೆ ಅವು ಮತ್ತೆ ಮಾಯವಾಗುತ್ತವೆ.

ಇವು ಎಲ್ಲಿಂದ ಬಂದುವು? ಎಲ್ಲಿಗೆ ಹೋಗುತ್ತವೆ? ಹೋದ ವರ್ಷ ಇದೇ ಕಾಲುವೆಯ ಬಳಿ ಕಂಡ ಸಿಪಿಲೆಯೇ ಈ ವರ್ಷವೂ ಬಂದಿದೆಯೆ, ಅಥವಾ ಇದು ಬೇರೊಂದೆ? ಪ್ರಶ್ನೆಗಳು ಮೇಲುನೋಟಕ್ಕೆ ಸರಳವೆನಿಸಿದರೂ ಕಣ್ಣಿನಿಂದ ನೋಡಿದ ಮಾತ್ರಕ್ಕೆ ಇವಕ್ಕೆ ಉತ್ತರ ದೊರೆಯದು. ಕುರುಬನು ತನ್ನ ಮಂದೆಯ ಕುರಿಗಳನ್ನು ಒಂದೊಂದಾಗಿ ಗುರುತಿಸಬಲ್ಲನು. ಆದರೆ ಒಂದು ಸಿಪಿಲೆಗೂ ಇನ್ನೊಂದು ಸಿಪಿಲೆಗೂ ಇರುವ ವ್ಯತ್ಯಾಸ ನಮ್ಮ ಕಣ್ಣಿಗೆ ಸಿಕ್ಕದು. ಹಕ್ಕಿಯೊಂದರ ಪಯಣವನ್ನು ಅರಿಯಬೇಕಾದರೆ ಮೊದಲು ಅದಕ್ಕೆ ಅದರದೇ ಆದ ಗುರುತೊಂದು ಬೇಕು. ಕಾಲಿಗೆ ತೊಡಿಸುವ ಪುಟ್ಟ ಲೋಹದ ಉಂಗುರವು ಈ ಗುರುತನ್ನು ಒದಗಿಸಿತು. ಆ ಉಂಗುರದ ಕಥೆಯನ್ನೂ, ಅದನ್ನು ತೊಡಿಸುವ ಕಡಲಂಚಿನ ಕೇಂದ್ರಗಳ ಕಾರ್ಯವನ್ನೂ, ನಮ್ಮ ಮಲೆನಾಡಿನ ಒಂದು ರೋಗವು ಆ ಕಾರ್ಯಕ್ಕೆ ಕೊಟ್ಟ ಚಾಲನೆಯನ್ನೂ ಇಲ್ಲಿ ಪರಿಶೀಲಿಸೋಣ.

ಊಹೆಯ ಕಾಲ

ಹಕ್ಕಿಗಳ ಕಣ್ಮರೆಗೆ ಹಿಂದಿನವರು ಬಗೆಬಗೆಯ ಕಾರಣಗಳನ್ನು ಕಲ್ಪಿಸಿದ್ದರು. ಅಂಬರಗುಬ್ಬಿಗಳು ಚಳಿಗಾಲದಲ್ಲಿ ಪುಕ್ಕ ಕಳಚಿಕೊಂಡು ಪೊಟರೆಗಳಲ್ಲಿ ಅಡಗಿರುತ್ತವೆಂದು ಗ್ರೀಸಿನ ಅರಿಸ್ಟಾಟಲನು ಬರೆದನು. ಅವು ಕೊಳಗಳ ತಳದಲ್ಲಿ ಮುಳುಗಿ ನಿದ್ರಿಸುತ್ತವೆಂಬ ನಂಬಿಕೆಯೂ ಯೂರೋಪಿನಲ್ಲಿ ಬಹುಕಾಲ ಬಾಳಿತು.

1822ರಲ್ಲಿ ಜರ್ಮನಿಯ ಉತ್ತರಭಾಗದಲ್ಲಿ ಒಂದು ಬಿಳಿ ಕೊಕ್ಕರೆಯನ್ನು ಹೊಡೆದುರುಳಿಸಿದಾಗ ಅದರ ಕೊರಳಿನಲ್ಲಿ ಮರದ ಈಟಿಯೊಂದು ನಾಟಿಕೊಂಡಿದ್ದುದು ಕಂಡುಬಂದಿತು. ಪರೀಕ್ಷಿಸಿದವರಿಗೆ ಅದು ಆಫ್ರಿಕದ ಬೇಟೆಗಾರರ ಈಟಿಯೆಂದು ತಿಳಿಯಿತು. ಗಾಯಗೊಂಡ ಹಕ್ಕಿ ಈಟಿಯ ಸಮೇತ ಖಂಡದಿಂದ ಖಂಡಕ್ಕೆ ಹಾರಿಬಂದಿತ್ತು! ಆ ಕೊಕ್ಕರೆಯನ್ನು ರೋಸ್ಟಾಕ್ ವಿಶ್ವವಿದ್ಯಾನಿಲಯದಲ್ಲಿ ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ. ಹಕ್ಕಿಯ ಮೈಮೇಲಿನ ಗುರುತೊಂದು ಅದರ ಪಯಣವನ್ನು ಸಾರಬಲ್ಲದು ಎಂಬುದಕ್ಕೆ ಅದು ಆಕಸ್ಮಿಕವಾಗಿ ದೊರೆತ ಮೊದಲ ಪಾಠ.

ಶಾಲಾ ಉಪಾಧ್ಯಾಯನ ಪ್ರಯೋಗ

ಆಕಸ್ಮಿಕವನ್ನು ಕ್ರಮಬದ್ಧವಾದ ಪ್ರಯೋಗವಾಗಿ ಮಾರ್ಪಡಿಸಿದವನು ಡೆನ್ಮಾರ್ಕಿನ ವೀಬೋರ್ ಎಂಬ ಊರಿನ ಶಾಲಾ ಉಪಾಧ್ಯಾಯ ಹಾನ್ಸ್ ಕ್ರಿಶ್ಚಿಯನ್ ಮಾರ್ಟೆನ್‌ಸೆನ್. 1890ರಲ್ಲಿ ಅವನು ಕಬ್ಬಕ್ಕಿಯ ಜಾತಿಗೆ ಸೇರಿದ ಎರಡು ಹಕ್ಕಿಗಳ ಕಾಲಿಗೆ ಸತುವಿನ ಉಂಗುರಗಳನ್ನು ತೊಡಿಸಿ ನೋಡಿದನು. ಅವು ಹಕ್ಕಿಗಳಿಗೆ ಭಾರವಾದುವು. ಸತುವು ನೀರಿಗಿಂತ ಸುಮಾರು 7.1 ಪಾಲು ಭಾರವಾದ ಲೋಹ; ಅಲ್ಯೂಮಿನಿಯಮ್ ಕೇವಲ 2.7 ಪಾಲು. ಆದರೆ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅಲ್ಯೂಮಿನಿಯಮ್ ಬೆಲೆಬಾಳುವ ಲೋಹವಾಗಿತ್ತು. 1886ರಲ್ಲಿ ಅದನ್ನು ವಿದ್ಯುತ್ತಿನ ನೆರವಿನಿಂದ ಬೇರ್ಪಡಿಸುವ ವಿಧಾನ ತಿಳಿದ ಮೇಲೆ ಅದು ಅಗ್ಗವಾಗತೊಡಗಿತು. 1899ರಲ್ಲಿ ಮಾರ್ಟೆನ್‌ಸೆನ್ನನು ಸಂಖ್ಯೆಯನ್ನೂ ಊರಿನ ಹೆಸರನ್ನೂ ಅಚ್ಚೊತ್ತಿದ ಅಲ್ಯೂಮಿನಿಯಮ್ ಉಂಗುರಗಳನ್ನು 165 ಹಕ್ಕಿಗಳಿಗೆ ತೊಡಿಸಿ ಹಾರಬಿಟ್ಟನು. ಲೋಹವಿದ್ಯೆಯ ಒಂದು ಸುಧಾರಣೆ ಪಕ್ಷಿವಿಜ್ಞಾನಕ್ಕೆ ಹೊಸ ದಾರಿಯನ್ನು ತೆರೆದುದು ಹೀಗೆ.

ಉಂಗುರದ ತತ್ತ್ವ ಬಹು ಸರಳ. ಹಕ್ಕಿಯನ್ನು ಹಿಡಿದ ಸ್ಥಳ, ದಿನಾಂಕ, ಜಾತಿ, ವಯಸ್ಸು ಇವನ್ನು ಉಂಗುರದ ಸಂಖ್ಯೆಯೊಡನೆ ಪುಸ್ತಕದಲ್ಲಿ ಬರೆದಿಡುವುದು. ಮುಂದೆಂದಾದರೂ ಆ ಹಕ್ಕಿ ಬೇರೊಬ್ಬರ ಕೈಗೆ ಸಿಕ್ಕಿದಾಗ ಅವರು ಸಂಖ್ಯೆಯನ್ನು ತಿಳಿಸಿದರೆ ಎರಡು ಬಿಂದುಗಳನ್ನು ಜೋಡಿಸುವುದು. ಇಲ್ಲೊಂದು ಅಂಶವನ್ನು ಗಮನಿಸಬೇಕು. ಮೊದಲನೆಯ ಬಿಂದು ವಿಜ್ಞಾನಿಯ ಕೈಯಲ್ಲಿದೆ. ಎರಡನೆಯದು ಯಾರೋ ಅಪರಿಚಿತರ ಕೈಯಲ್ಲಿದೆ. 1911ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಸ್ಟ್ಯಾಫರ್ಡ್‌ಷೈರಿನಲ್ಲಿ ಉಂಗುರ ತೊಟ್ಟ ಒಂದು ಅಂಬರಗುಬ್ಬಿಯು 1912ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕದ ನಟಾಲಿನ ಒಂದು ತೋಟದ ಮನೆಯೊಳಗೆ ಸಿಕ್ಕಿತು. ಉಂಗುರವನ್ನು ಕಂಡವರು ಅದನ್ನು ಎಸೆದು ಸುಮ್ಮನಾಗಿದ್ದರೆ ಆ ಹಕ್ಕಿಯ ಪಯಣ ಕತ್ತಲೆಯಲ್ಲೇ ಉಳಿಯುತ್ತಿತ್ತು. ಅವರು ಕಾಗದ ಬರೆದರು. ಇಂಗ್ಲೆಂಡಿನ ಅಂಬರಗುಬ್ಬಿಗಳು ಚಳಿಗಾಲವನ್ನು ಎಲ್ಲಿ ಕಳೆಯುತ್ತವೆಂಬ ಹಳೆಯ ಪ್ರಶ್ನೆಗೆ ಖಚಿತವಾದ ಉತ್ತರ ಸಿಕ್ಕಿತು.

ಕಡಲಂಚೇ ಏಕೆ?

ಹಕ್ಕಿಗಳನ್ನು ನೂರಾರು ಸಂಖ್ಯೆಯಲ್ಲಿ ಹಿಡಿಯಬೇಕಾದರೆ ಅವು ಗುಂಪುಗೂಡುವ ಎಡೆಗೆ ಹೋಗಬೇಕು. ಅಂಥ ಎಡೆಗಳು ಸಾಮಾನ್ಯವಾಗಿ ಕಡಲಂಚಿನಲ್ಲಿರುತ್ತವೆ. ನೆಲದ ಹಕ್ಕಿಗೆ ಸಮುದ್ರವೆಂದರೆ ಇಳಿದು ವಿಶ್ರಮಿಸಲು ಎಡೆಯಿಲ್ಲದ ಬಯಲು. ಕೊಕ್ಕರೆ, ಹದ್ದುಗಳಂಥ ದೊಡ್ಡ ಹಕ್ಕಿಗಳಿಗೆ ಇನ್ನೂ ಒಂದು ತೊಡಕುಂಟು. ಬಿಸಿಲಿಗೆ ನೆಲ ಬೇಗ ಕಾಯುತ್ತದೆ. ಅದರ ಮೇಲಿನ ಗಾಳಿ ಹಗುರವಾಗಿ ಕಂಬದಂತೆ ಮೇಲೇಳುತ್ತದೆ. ಆ ಕಂಬವನ್ನೇರಿ ರೆಕ್ಕೆ ಬಡಿಯದೆ ಎತ್ತರಕ್ಕೆ ಹೋಗಿ, ಅಲ್ಲಿಂದ ಜಾರುತ್ತ ಮುಂದಿನ ಕಂಬವನ್ನು ಸೇರುವುದು ಈ ಹಕ್ಕಿಗಳ ಕ್ರಮ. ನೀರು ನಿಧಾನವಾಗಿ ಕಾಯುವುದರಿಂದ ಕಡಲಿನ ಮೇಲೆ ಈ ಕಂಬಗಳು ದುರ್ಬಲ. ಆದ್ದರಿಂದ ದಕ್ಷಿಣಕ್ಕೆ ಹೊರಟ ಹಕ್ಕಿಗಳಲ್ಲಿ ಬಹುಪಾಲು ತೀರವನ್ನು ಮುಟ್ಟಿದೊಡನೆ ಅದರ ಗುಂಟ ತಿರುಗುತ್ತವೆ. ತೀರವು ಎಲ್ಲಿ ಮೂಲೆಯಾಗಿಯೋ ನಾಲಗೆಯಾಗಿಯೋ ಚಾಚಿದೆಯೋ ಅಲ್ಲಿ ಲಾಳಿಕೆಯಲ್ಲಿ ಸುರಿದ ಧಾನ್ಯದಂತೆ ಅವು ಒತ್ತಾಗಿ ಸೇರುತ್ತವೆ.

ಬಾಲ್ಟಿಕ್ ಸಮುದ್ರದ ಅಂಚಿನಲ್ಲಿ ಹಾಗೆ ಚಾಚಿದ ಒಂದು ಕಿರಿದಾದ ಮರಳುಪಟ್ಟಿಯ ಮೇಲೆ, ರೊಸಿಟೆನ್ ಎಂಬ ಹಳ್ಳಿಯಲ್ಲಿ, ಯೊಹಾನೆಸ್ ಥೀನೆಮನ್ 1901ರಲ್ಲಿ ಜಗತ್ತಿನ ಮೊದಲ ಪಕ್ಷಿಕೇಂದ್ರವನ್ನು ಸ್ಥಾಪಿಸಿದನು. ಮಹಾಯುದ್ಧದ ಬಳಿಕ ಆ ಪ್ರದೇಶ ರಷ್ಯಕ್ಕೆ ಸೇರಿತು. ಊರಿನ ಹೆಸರು ರಿಬಾಚಿ ಎಂದಾಯಿತು. 1956ರಲ್ಲಿ ಅಲ್ಲಿ ಅದೇ ಕಾರ್ಯ ಮತ್ತೆ ಆರಂಭವಾಯಿತು. ಮನೆಗಿಂತಲೂ ಎತ್ತರವಾದ, ಒಳಹೋದಂತೆ ಕಿರಿದಾಗುವ ಬಲೆಗಳನ್ನು ಅಲ್ಲಿ ಹಕ್ಕಿಗಳ ದಾರಿಗೆ ಅಡ್ಡಲಾಗಿ ಕಟ್ಟುತ್ತಾರೆ. ಗಡಿ ಬದಲಾಯಿತು, ಸರ್ಕಾರಗಳು ಬದಲಾದುವು. ಹಕ್ಕಿಗಳ ದಾರಿ ಮಾತ್ರ ಬದಲಾಗಲಿಲ್ಲ.

ಕ್ಯಾಸನೂರಿನ ಪ್ರಶ್ನೆ

ಭಾರತದಲ್ಲಿ ಉಂಗುರ ತೊಡಿಸುವ ಕಾರ್ಯವನ್ನು 1883ರಲ್ಲಿ ಸ್ಥಾಪಿತವಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು 1927ರಲ್ಲಿ ಆರಂಭಿಸಿತಾದರೂ ಅದು ದೊಡ್ಡ ಪ್ರಮಾಣಕ್ಕೆ ಬೆಳೆಯಲು ಮೂರು ದಶಕಗಳು ಬೇಕಾದುವು. ಅದಕ್ಕೆ ನಿಮಿತ್ತವಾದುದು ನಮ್ಮ ಶಿವಮೊಗ್ಗ ಜಿಲ್ಲೆಯ ಒಂದು ಅರಣ್ಯ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವ, ಕೋತಿಗಳು ಗುಂಪುಗುಂಪಾಗಿ ಸಾಯತೊಡಗಿದುವು. ಕಾಡಿಗೆ ಸೌದೆ ಸೊಪ್ಪಿಗೆಂದು ಹೋದ ಸುತ್ತಣ ಹಳ್ಳಿಗಳ ಜನರು ಉಗ್ರವಾದ ಜ್ವರದಿಂದ ಮಲಗಿದರು, ಹಲವರು ಮಡಿದರು. ಜನರು ಇದನ್ನು ಮಂಗನ ಕಾಯಿಲೆ ಎಂದು ಕರೆದರು. ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ರೋಗಕಾರಕ ವೈರಸನ್ನು ಬೇರ್ಪಡಿಸಿದರು. ಅದನ್ನು ಹರಡುವುದು ಕಾಡಿನ ಉಣ್ಣೆಯೆಂಬುದೂ ತಿಳಿಯಿತು. ಆಶ್ಚರ್ಯವೆಂದರೆ ಈ ವೈರಸ್ಸು ಸಾವಿರಾರು ಕಿಲೋಮೀಟರು ದೂರದ ರಷ್ಯ ಮತ್ತು ಸೈಬೀರಿಯದ ಕಾಡುಗಳಲ್ಲಿ ಮಿದುಳಿನ ಉರಿಯೂತವನ್ನುಂಟುಮಾಡುವ ವೈರಸ್ಸಿನ ಹತ್ತಿರದ ಬಂಧುವಾಗಿ ಕಂಡಿತು.

ಅಷ್ಟು ದೂರದ ರೋಗ ಸೊರಬಕ್ಕೆ ಬಂದುದು ಹೇಗೆ? ಪ್ರತಿ ವರ್ಷ ಸೈಬೀರಿಯದಿಂದ ನಮ್ಮಲ್ಲಿಗೆ ಬರುವ ಹಕ್ಕಿಗಳೇ ಮೈಮೇಲೆ ಉಣ್ಣೆಗಳನ್ನು ಹೊತ್ತು ತಂದುವೆ? ಈ ಸಂಶಯಕ್ಕೆ ಉತ್ತರ ಹೇಳಬೇಕಾದರೆ ಯಾವ ಹಕ್ಕಿ ಎಲ್ಲಿಂದ ಯಾವ ದಾರಿಯಲ್ಲಿ ಬರುತ್ತದೆಂಬುದು ತಿಳಿದಿರಬೇಕಾಗಿತ್ತು, ಅದು ತಿಳಿದಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 1959ರಲ್ಲಿ ಸಾಲಿಂ ಅಲಿಯವರ ನೇತೃತ್ವದಲ್ಲಿ ಹಕ್ಕಿಗಳನ್ನು ಹಿಡಿದು, ಉಂಗುರ ತೊಡಿಸಿ, ಮೈಮೇಲಿನ ಉಣ್ಣೆಗಳನ್ನು ಸಂಗ್ರಹಿಸುವ ಕಾರ್ಯ ಕಚ್ಛದಲ್ಲಿ ಆರಂಭವಾಯಿತು. ಮುಂದಿನ ವರ್ಷಗಳಲ್ಲಿ ಭರತಪುರ ಮೊದಲಾದ ಕಡೆಗಳಿಗೂ ಹಬ್ಬಿತು.

ಫಲಿತಾಂಶವೇನು? ವಲಸೆ ಹಕ್ಕಿಗಳು ಸೈಬೀರಿಯದಿಂದ ಈ ರೋಗವನ್ನು ತಂದುವೆಂಬುದಕ್ಕೆ ಸಾಕ್ಷ್ಯ ದೊರೆಯಲಿಲ್ಲ. 1990ರ ದಶಕದಲ್ಲಿ ಸೌದಿ ಅರೇಬಿಯದಲ್ಲಿ ಕಂಡುಬಂದ ಇನ್ನೊಂದು ವೈರಸ್ಸು ಕ್ಯಾಸನೂರಿನದಕ್ಕೆ ರಷ್ಯದ್ದಕ್ಕಿಂತಲೂ ಹತ್ತಿರದ ಬಂಧುವೆಂದು ಆ ಮೇಲೆ ತಿಳಿಯಿತು. ಆರೋಪಿ ತಪ್ಪಿತಸ್ಥನೆಂದು ಸಿದ್ಧವಾಗಲಿಲ್ಲವೆಂಬುದೂ ವಿಜ್ಞಾನಕ್ಕೆ ಲಾಭವೇ. ಜೊತೆಗೆ, ವಿಚಾರಣೆಯ ನಡುವೆ ಭಾರತದ ಹಕ್ಕಿಗಳ ದಾರಿಗಳು ಒಂದೊಂದಾಗಿ ಬೆಳಕಿಗೆ ಬಂದುವು.

ಕೋಡಿಕ್ಕರೆಯ ಬಲೆಗಳು

ನಮ್ಮ ದೇಶದಲ್ಲಿ ಬಾಲ್ಟಿಕ್ ತೀರದ ಕೇಂದ್ರಕ್ಕೆ ಹೋಲಿಸಬಹುದಾದ ಸ್ಥಳವೆಂದರೆ ತಮಿಳುನಾಡಿನ ಕೋಡಿಕ್ಕರೆ. ಚೋಳಮಂಡಲದ ತೀರವು ದಕ್ಷಿಣಕ್ಕೆ ಹರಿದುಬಂದು ಇಲ್ಲಿ ಥಟ್ಟನೆ ಪಶ್ಚಿಮಕ್ಕೆ ತಿರುಗುತ್ತದೆ. ಎದುರಿಗೆ ಪಾಕ್ ಜಲಸಂಧಿ, ಅದರಾಚೆ ಸಿಂಹಳ. 1967ರಲ್ಲಿ ಅಭಯಾರಣ್ಯವಾದ ಈ ಮೂಲೆಯಲ್ಲಿ 1980ರ ದಶಕದಲ್ಲಿ ಉಂಗುರದ ಕಾರ್ಯ ವ್ಯಾಪಕವಾಗಿ ನಡೆಯಿತು. ಸೊಸೈಟಿಯ ವಿಜ್ಞಾನಿ ಎಸ್. ಬಾಲಚಂದ್ರನ್ ಅವರು ಇಲ್ಲಿಯ ಹಕ್ಕಿಗಳ ಅಧ್ಯಯನದಲ್ಲಿ ದಶಕಗಳನ್ನೇ ಕಳೆದಿದ್ದಾರೆ.

ಬಲೆಯ ನೂಲು ಬಹು ತೆಳು. ಎರಡು ಗಳುಗಳ ನಡುವೆ ಕಟ್ಟಿದರೆ ಮಂಜಿನಂತೆ ಕಂಡೂ ಕಾಣದಂತಿರುತ್ತದೆ. ಬಂದು ತಗುಲಿದ ಹಕ್ಕಿ ಕೆಳಗಿನ ಮಡಿಕೆಯಲ್ಲಿ ಜೋಳಿಗೆಗೆ ಬಿದ್ದಂತೆ ಬೀಳುತ್ತದೆ. ಕೆಸರು ಬಯಲಿನ ಉಲ್ಲಂಕಿಗಳಿಗೆ ಕತ್ತಲೆಯ ರಾತ್ರಿಗಳಲ್ಲಿ ಬಲೆ ಹಾಕುತ್ತಾರೆ. ಸಿಕ್ಕಿದ ಹಕ್ಕಿಯನ್ನು ಗರಿ ಕೆಡದಂತೆ ಬಿಡಿಸಿ ಬಟ್ಟೆಯ ಚೀಲದಲ್ಲಿ ತರುವುದೇ ಒಂದು ವಿದ್ಯೆ. ಇದರಲ್ಲಿ ಸೊಸೈಟಿಗೆ ನೆರವಾದವರು ಬಿಹಾರದ ಮೀರ್‌ಶಿಕಾರಿಗಳು. ತಲೆತಲಾಂತರದಿಂದ ಮಾರಾಟಕ್ಕಾಗಿ ಹಕ್ಕಿ ಹಿಡಿಯುತ್ತಿದ್ದ ಈ ಜನರ ಕೈಚಳಕ ವಿಜ್ಞಾನದ ಸೇವೆಗೆ ಒದಗಿತು. ಅವರಲ್ಲಿ ಅಲಿ ಹುಸೇನ್ ಎಂಬವರ ಹೆಸರು ಪಕ್ಷಿವಿಜ್ಞಾನಿಗಳ ನಡುವೆ ಪ್ರಸಿದ್ಧವಾಯಿತು.

ಆ ಬಳಿಕ ಅಳತೆ. ರೆಕ್ಕೆಯ ಉದ್ದ, ಕೊಕ್ಕಿನ ಉದ್ದ, ತೂಕ, ಗರಿ ಉದುರುವ ಹಂತ ಇವೆಲ್ಲ ಪುಸ್ತಕಕ್ಕೆ ಏರುತ್ತವೆ. ಕಾಲಿನ ಗಾತ್ರಕ್ಕೆ ತಕ್ಕ ಉಂಗುರವನ್ನು ಇಕ್ಕಳದಿಂದ ಮುಚ್ಚುತ್ತಾರೆ, ಬಿಗಿಯಾಗಬಾರದು, ಜಾರಲೂಬಾರದು. ಉಪ್ಪುನೀರು ಅಲ್ಯೂಮಿನಿಯಮ್ಮನ್ನು ಸವೆಸುವುದರಿಂದ ಕಡಲ ಹಕ್ಕಿಗಳಿಗೆ ಗಟ್ಟಿಯಾದ ಮಿಶ್ರಲೋಹದ ಉಂಗುರಗಳೇ ಉತ್ತಮ. ಹಕ್ಕಿ ಹೊರುವ ಹೊರೆಯು ಅದರ ತೂಕದ ನೂರಕ್ಕೆ ಮೂರು ಪಾಲನ್ನು ಮೀರಬಾರದೆಂಬುದು ಸಾಮಾನ್ಯವಾಗಿ ಪಾಲಿಸುವ ನಿಯಮ. ಉಂಗುರವು ಅದಕ್ಕಿಂತ ಎಷ್ಟೋ ಹಗುರ. ಕೆಲವು ನಿಮಿಷಗಳಲ್ಲಿ ಕೆಲಸ ಮುಗಿಸಿ ಹಾರಬಿಡುತ್ತಾರೆ.

ಒಂದು ಉಂಗುರ, ಹಲವು ಉತ್ತರ

ಉಂಗುರ ಹೇಳುವ ಮೊದಲ ಸಂಗತಿ ದಾರಿ, ಎರಡನೆಯದು ನಿಷ್ಠೆ. ಮುಂಬಯಿ ನಗರದ ನಡುವಿನ ಒಂದು ಹುಲ್ಲುಹಾಸಿಗೆ ಉಂಗುರ ತೊಟ್ಟ ಬೂದು ಸಿಪಿಲೆಯೊಂದು ವರ್ಷ ವರ್ಷವೂ ಮರಳಿ ಬಂದುದನ್ನು ಸಾಲಿಂ ಅಲಿಯವರು ಹೇಳಿದ್ದಾರೆ. ಹಿಮಾಲಯದಂಥ ದೂರದ ಬೆಟ್ಟಗಳಿಂದ ಹೊರಟ ಅಂಗೈಯಗಲದ ಹಕ್ಕಿ ಮಹಾನಗರದಲ್ಲಿ ಅದೇ ಅಂಗಳವನ್ನು ಹುಡುಕಿ ಇಳಿಯುತ್ತದೆ! ನಮ್ಮ ತೋಟದ ಕಾಲುವೆಗೆ ಬರುವುದೂ ಹಳೆಯ ನೆಂಟನೇ ಇರಬಹುದೆಂಬ ಊಹೆಗೆ ಇದರಿಂದ ಬಲ ಬರುತ್ತದೆ.

ಮೂರನೆಯದು ಆಯುಷ್ಯ. ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದಲ್ಲಿ ಚಾಂಡ್ಲರ್ ರಾಬಿನ್ಸ್ ಎಂಬ ವಿಜ್ಞಾನಿ 1956ರಲ್ಲಿ ಒಂದು ಆಲ್ಬಟ್ರಾಸ್ ಹಕ್ಕಿಗೆ ಉಂಗುರ ತೊಡಿಸಿದನು. 2002ರಲ್ಲಿ ಅದೇ ಹಕ್ಕಿ ಅವನ ಕೈಗೇ ಮತ್ತೆ ಸಿಕ್ಕಿತು. 2024ರಲ್ಲಿ ಅದು ಮೊಟ್ಟೆಯಿಟ್ಟಿತು. ಉಂಗುರವಿಲ್ಲದಿದ್ದರೆ ಎಪ್ಪತ್ತು ದಾಟಿದ ಕಾಡುಹಕ್ಕಿಯೊಂದು ಮರಿಮಾಡಬಲ್ಲದೆಂದು ಯಾರೂ ನಂಬುತ್ತಿರಲಿಲ್ಲ.

ನಾಲ್ಕನೆಯದು ಲೆಕ್ಕ. ಅಟ್ಟದ ಮೇಲೆ ಕೊಬ್ಬರಿಗೆಂದು ತುಂಬಿದ ಕಾಯಿಗಳು ಎಷ್ಟೆಂಬುದನ್ನು ಎಲ್ಲವನ್ನೂ ಎಣಿಸದೆ ತಿಳಿಯಬಹುದೆ? ನೂರು ಕಾಯಿಗಳನ್ನು ತೆಗೆದು ಸುಣ್ಣದ ಬೊಟ್ಟಿಟ್ಟು ರಾಶಿಯಲ್ಲಿ ಚೆನ್ನಾಗಿ ಬೆರೆಸಿರಿ. ಆಮೇಲೆ ಕಣ್ಣುಮುಚ್ಚಿ ಐವತ್ತನ್ನು ತೆಗೆಯಿರಿ. ಅವುಗಳಲ್ಲಿ ಐದಕ್ಕೆ ಬೊಟ್ಟಿದ್ದರೆ, ಹತ್ತಕ್ಕೊಂದರಂತೆ ಗುರುತಿದೆಯೆಂದಾಯಿತು. ಗುರುತಿಟ್ಟದ್ದು ನೂರಾದ್ದರಿಂದ ರಾಶಿ ಸುಮಾರು ಸಾವಿರ. ಉಂಗುರ ತೊಟ್ಟ ಹಕ್ಕಿಗಳು ಮತ್ತೆ ಸಿಕ್ಕುವ ಪ್ರಮಾಣದಿಂದ ಇಡೀ ಹಿಂಡನ್ನು ಅಂದಾಜು ಮಾಡುವುದು ಇದೇ ಕ್ರಮದಿಂದ. ಹಕ್ಕಿಗಳು ಕಾಯಿಗಳಂತೆ ಸುಮ್ಮನಿರದೆ ಬಂದು ಹೋಗಿ, ಸತ್ತು ಹುಟ್ಟುವುದರಿಂದ ಗಣಿತ ಹೆಚ್ಚು ಜಟಿಲವಾಗುತ್ತದೆ, ಅಷ್ಟೆ.

ಉಂಗುರದಿಂದ ಮನಸ್ಸಿನ ಗುಟ್ಟೂ ತಿಳಿಯಬಹುದು. ಹಾಲೆಂಡಿನ ಪೆರ್ಡೆಕ್ ಎಂಬ ವಿಜ್ಞಾನಿಯ ಪ್ರಯೋಗ 1958ರಲ್ಲಿ ಪ್ರಕಟವಾಯಿತು. ಶರತ್ಕಾಲದ ವಲಸೆಯ ನಡುವೆ ಹೇಗ್ ನಗರದ ಬಳಿ ಹಿಡಿದ 11,000ಕ್ಕೂ ಹೆಚ್ಚು ಹಕ್ಕಿಗಳಿಗೆ ಉಂಗುರ ತೊಡಿಸಿ, ವಿಮಾನದಲ್ಲಿ ಸ್ವಿಟ್ಜರ್ಲೆಂಡಿಗೆ ಒಯ್ದು ಬಿಡಲಾಯಿತು. ಹಿಂದೆ ಒಮ್ಮೆ ಪಯಣ ಮಾಡಿದ್ದ ದೊಡ್ಡ ಹಕ್ಕಿಗಳು ತಾವು ದಾರಿ ತಪ್ಪಿದುದನ್ನು ಅರಿತು, ದಿಕ್ಕು ಬದಲಿಸಿ, ತಮ್ಮ ಎಂದಿನ ಚಳಿಗಾಲದ ನೆಲೆಯತ್ತ ಹೋದುವು. ಮೊದಲ ಸಲ ಹೊರಟ ಎಳೆಯವು ಹುಟ್ಟಿನಿಂದ ಬಂದ ದಿಕ್ಕಿಗೇ ಹಾರಿ ಸ್ಪೇನನ್ನು ಸೇರಿದುವು. ದಿಕ್ಕು ಹುಟ್ಟುಗುಣ, ಗುರಿ ಕಲಿಕೆಯ ಫಲ ಎಂಬುದು ಇದರಿಂದ ಸ್ಪಷ್ಟವಾಯಿತು. ದಿಕ್ಕನ್ನು ಅರಿಯಲು ಹಕ್ಕಿಗಳಿಗೆ ಸೂರ್ಯ, ನಕ್ಷತ್ರಗಳಲ್ಲದೆ ಭೂಮಿಯ ಕಾಂತಕ್ಷೇತ್ರವೂ ನೆರವಾಗುತ್ತದೆಂದು ಮುಂದಿನ ಪ್ರಯೋಗಗಳು ತೋರಿಸಿವೆ.

ಪಯಣದ ಬುತ್ತಿ

ಉಂಗುರ ತೊಡಿಸುವಾಗ ಹಕ್ಕಿಯ ಎದೆಯ ಗರಿಗಳನ್ನು ಮೆಲ್ಲನೆ ಊದಿ ನೋಡುವುದುಂಟು. ತೆಳುವಾದ ಚರ್ಮದಡಿಯಲ್ಲಿ ಹಳದಿಯಾದ ಕೊಬ್ಬು ಕಾಣಿಸುತ್ತದೆ. ಅದೇ ಪಯಣದ ಬುತ್ತಿ. ದೂರದ ಹಾರಾಟಕ್ಕೆ ಮುನ್ನ ಕೆಲವು ಉಲ್ಲಂಕಿಗಳ ತೂಕ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಕೊಬ್ಬೇ ಏಕೆ? ಒಂದು ಗ್ರಾಂ ಕೊಬ್ಬಿನಿಂದ ಸುಮಾರು 9 ಕಿಲೋಕ್ಯಾಲೊರಿ ಶಕ್ತಿ ಬರುತ್ತದೆ. ಒಂದು ಗ್ರಾಂ ಪಿಷ್ಟದಿಂದ ಸುಮಾರು 4. ಅದೂ ಅಲ್ಲದೆ ಪಿಷ್ಟವರ್ಗದ ಪದಾರ್ಥವನ್ನು ಮೈಯಲ್ಲಿ ಕೂಡಿಡಬೇಕಾದರೆ ಅದರ ಮೂರರಷ್ಟು ನೀರನ್ನೂ ಹೊರಬೇಕು. ಹಾರುವವನಿಗೆ ಪ್ರತಿ ಗ್ರಾಮೂ ಹೊರೆಯೇ. ತೆಂಗಿನ ಸೀಮೆಯವರಿಗೆ ಇದು ಹೊಸ ಮಾತೇನೂ ಅಲ್ಲ. ಕೊಬ್ಬರಿಯಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಪಾಲು ಎಣ್ಣೆ. ಕಡಲಿನಲ್ಲಿ ತೇಲಿ ಎಲ್ಲಿಯೋ ದಡ ಸೇರಿ ಮೊಳೆಯಬೇಕಾದ ತೆಂಗಿನಕಾಯಿಯೂ ತನ್ನ ಕುಡಿಗಾಗಿ ಅದೇ ಬಗೆಯ ಬುತ್ತಿಯನ್ನು ಕಟ್ಟಿಕೊಂಡಿರುತ್ತದೆ.

ಇದರಿಂದ ಒಂದು ಮುಖ್ಯ ಸಂಗತಿ ಹೊರಡುತ್ತದೆ. ಬುತ್ತಿಯನ್ನು ತುಂಬಿಕೊಳ್ಳುವ ಎಡೆಗಳು ದಾರಿಯುದ್ದಕ್ಕೂ ಇರಲೇಬೇಕು. ತುರುವೇಕೆರೆಯ ಬಳಿಯ ಮಲ್ಲಾಘಟ್ಟ ಕೆರೆ, ಚಿಕ್ಕನಾಯಕನಹಳ್ಳಿಯ ಕಡೆಯ ಬೋರನಕಣಿವೆಯ ಜಲಾಶಯ, ಹೇಮಾವತಿಯ ನಾಲೆಯಿಂದ ನೀರು ಕಾಣುವ ತಿಪಟೂರಿನ ಸುತ್ತಣ ಕೆರೆಗಳು ನಮ್ಮ ಪಾಲಿಗೆ ಅಂತರ್ಜಲದ ಆಸರೆ. ದೂರದಿಂದ ಬಂದ ಹಕ್ಕಿಗಳಿಗೆ ಇಂಥ ಕೆರೆಗಳ ಆಳವಿಲ್ಲದ ಕೆಸರಂಚೇ ಛತ್ರದ ಊಟದ ಸಾಲು. ಅಂಚಿನ ಮಣ್ಣನ್ನು ಅಗೆದು ಸಾಗಿಸಿ ಅಂಗಳವನ್ನು ಕಡಿದಾದ ಹೊಂಡವಾಗಿಸಿದರೆ ನೀರು ನಿಂತರೂ ಉಲ್ಲಂಕಿಗೆ ಊಟವಿಲ್ಲ.

ಉಪಗ್ರಹ ಬಂದ ಮೇಲೆ

ಇಂದು ದೊಡ್ಡ ಹಕ್ಕಿಗಳ ಬೆನ್ನಿಗೆ ಪುಟ್ಟ ಪ್ರೇಷಕಗಳನ್ನು ಕಟ್ಟಿ ಉಪಗ್ರಹಗಳ ಮೂಲಕ ಅವುಗಳ ಹಾದಿಯನ್ನು ಅನುಸರಿಸುತ್ತಾರೆ. ಮಧ್ಯ ಏಷ್ಯದಿಂದ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತು ಸುಮಾರು 7,290 ಮೀಟರು ಎತ್ತರದಲ್ಲಿ ಹಾರಿದುದು ಹೀಗೆ ದಾಖಲಾಗಿದೆ. ಅವು ಬಹುಮಟ್ಟಿಗೆ ರಾತ್ರಿ ಮತ್ತು ಮುಂಜಾವಿನಲ್ಲಿ ಏರುತ್ತವೆ. ತಣ್ಣನೆಯ ಗಾಳಿ ಸಾಂದ್ರವಾಗಿರುವುದರಿಂದ ರೆಕ್ಕೆಗೆ ಹೆಚ್ಚು ಆಸರೆಯೂ ಉಸಿರಿಗೆ ಹೆಚ್ಚು ಆಮ್ಲಜನಕವೂ ದೊರೆಯುತ್ತವೆ. ಈ ಹೆಬ್ಬಾತುಗಳು ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಬರುತ್ತವೆ. ಆ ಕೆರೆಗೆ 2024ರಲ್ಲಿ ಅಂತಾರಾಷ್ಟ್ರೀಯ ಮಹತ್ತ್ವದ ರಾಮ್ಸಾರ್ ತಾಣವೆಂಬ ಮನ್ನಣೆ ದೊರೆಯಿತು. ಮಂಗೋಲಿಯದಲ್ಲಿ ಸಂಖ್ಯೆಯ ಕೊರಳಪಟ್ಟಿ ತೊಟ್ಟ ಹೆಬ್ಬಾತುಗಳನ್ನು ಮೈಸೂರು ಜಿಲ್ಲೆಯ ಹದಿನಾರು ಕೆರೆಯಲ್ಲಿ ಪಕ್ಷಿವೀಕ್ಷಕರು ದೂರದರ್ಶಕದಿಂದಲೇ ಓದಿದ್ದಾರೆ.

ಹಾಗಾದರೆ ಉಂಗುರದ ಕಾಲ ಮುಗಿಯಿತೆ? ಇಲ್ಲ. ಪ್ರೇಷಕವು ದುಬಾರಿ, ಕೆಲವೇ ಹಕ್ಕಿಗಳಿಗೆ ಸಾಧ್ಯ, ಬೆರಳೆಣಿಕೆಯ ಗ್ರಾಂ ತೂಗುವ ಕಿರುಹಕ್ಕಿಗಳಿಗೆ ಹೊರಲಾರದ ಹೊರೆ. ಉಂಗುರವಾದರೋ ಅಗ್ಗ; ಹಕ್ಕಿಯ ಬದುಕಿರುವವರೆಗೂ ಜೊತೆಗಿರುತ್ತದೆ; ಅದಕ್ಕೆ ವಿದ್ಯುತ್ತು ಬೇಡ. ಅದಕ್ಕೆ ಬೇಕಾದುದು ಒಂದೇ: ಓದುವ ಕಣ್ಣು. ಸಣ್ಣ ಹಕ್ಕಿಗಳಲ್ಲಿ ಉಂಗುರ ತೊಟ್ಟ ನೂರರಲ್ಲಿ ಒಂದೂ ದೂರದಿಂದ ವರದಿಯಾಗುವುದಿಲ್ಲ. ಆದುದರಿಂದ ಸಿಕ್ಕಿದ ಒಂದೊಂದು ಉಂಗುರವೂ ನೂರಾರು ದಿನಗಳ ದುಡಿಮೆಯ ಫಲ.

ಉಂಗುರ ಸಿಕ್ಕಿದರೆ

ಕೆರೆಯ ಏರಿಯ ಮೇಲೋ ತೋಟದಲ್ಲೋ ಸತ್ತ ಹಕ್ಕಿಯ ಕಾಲಿನಲ್ಲಿ ಉಂಗುರ ಕಂಡರೆ ಅದರ ಮೇಲಿನ ಅಕ್ಷರಗಳನ್ನೂ ಸಂಖ್ಯೆಯನ್ನೂ ಒಂದೂ ಬಿಡದೆ ಬರೆದುಕೊಳ್ಳಬೇಕು. ಸಿಕ್ಕಿದ ಸ್ಥಳ, ದಿನಾಂಕ, ಸತ್ತ ಬಗೆ ಇವನ್ನೂ ಸೇರಿಸಿ ಮುಂಬಯಿಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಬೇಕು. ಹಕ್ಕಿ ಬದುಕಿದ್ದರೆ ಸಂಖ್ಯೆಯನ್ನು ಓದಿ ಅಥವಾ ಚಿತ್ರ ತೆಗೆದು, ಉಂಗುರವನ್ನು ಕಳಚದೆ ಹಾರಬಿಡಬೇಕು. ಉಂಗುರ ಬೇರೆ ದೇಶದ್ದಾದರೂ ಚಿಂತೆಯಿಲ್ಲ; ಸೊಸೈಟಿಯು ಅಲ್ಲಿಗೆ ತಲಪಿಸಬಲ್ಲದು. ಉಂಗುರ ತೊಡಿಸುವ ಆಸೆಯಿಂದ ನಾವೇ ಹಕ್ಕಿ ಹಿಡಿಯಲು ಹೊರಡುವುದು ಮಾತ್ರ ಸಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದಕ್ಕೆ ಅನುಮತಿಯೂ, ಅದಕ್ಕಿಂತ ಮಿಗಿಲಾಗಿ ತರಬೇತಿಯೂ ಬೇಕು.

ಉಂಗುರ ತೊಡಿಸುವವನು ಒಂದು ಪ್ರಶ್ನೆಯನ್ನು ಗಾಳಿಗೆ ಬಿಡುತ್ತಾನೆ. ಅದು ಯಾವ ದೇಶದ ಯಾವ ಊರಿನಲ್ಲಿ ಇಳಿಯುವುದೋ ಅವನು ಅರಿಯನು. ನಟಾಲಿನ ತೋಟದ ಮನೆಯವರು ಒಂದು ಪ್ರಶ್ನೆಗೆ ಉತ್ತರ ಬರೆದರು. ನಮ್ಮ ಕೆರೆಗಳಿಗೆ ಬಂದಿಳಿಯುವ ಹಕ್ಕಿಯ ಕಾಲಿನಲ್ಲಿ ಅಂಥದೇ ಇನ್ನೊಂದು ಪ್ರಶ್ನೆ ಇರಬಹುದು.